ಅಂಚಿನಲ್ಲಿಲ್ಲದ ಉಬ್ಬು

ಫೆಬ್ರವರಿ 9

ಅಮ್ಮ,

ನಿನ್ನ ಪತ್ರ ಬಂತು. ಫೋನಿನಲ್ಲಿ ನನ್ನ ಮಾತು ತಗಡಿನ ಡಬ್ಬದಲ್ಲಿ ಜೇನುಹುಳ ಬಿಟ್ಟ ಹಾಗೆ ಕೇಳುತ್ತದೆ ಎಂದಿದ್ದೀಯ. ಕಿವಿಯ ಡಾಕ್ಟರ ಹತ್ತಿರ ಹೋಗು ಎಂದರೆ "ಹೊಲಿಯೋಕೆ ಕಿವಿ ಯಾಕೆ?" ಎನ್ನುತ್ತೀಯ. ಆಗಲಿ, ನಿನ್ನ ಹಟದಿಂದಾಗಿ ಈ ಕಾಲದಲ್ಲೂ ಕೈಯಲ್ಲಿ ಪತ್ರ ಬರೆಯುವವಳು ನಮ್ಮ ಕಟ್ಟಡದಲ್ಲಿ ನಾನೊಬ್ಬಳೇ ಆಗಿದ್ದೇನೆ.

ಕಡ್ಡಿ ಭಾನುವಾರ ಬಂದು ಹೊಲಿಗೆ ಯಂತ್ರದ ಮೋಟಾರು ಬಿಚ್ಚಿ ಸರಿಮಾಡಿದಳು ಎಂದು ಓದಿ ನಗು ಬಂತು. ಲ್ಯಾಬಿನಲ್ಲೂ ಅವಳು ಹಾಗೆಯೇ ಇದ್ದಳು. ಯಾವುದಾದರೂ ಯಂತ್ರ ಕೆಮ್ಮಿದರೆ ಸಾಕು, ಸ್ಕ್ರೂಡ್ರೈವರ್ ಹಿಡಿದು ಹಾಜರ್. ಒಂದೇ ಗುರುಗಳ ಕೈಕೆಳಗೆ ಇಬ್ಬರೂ ಓದಿದೆವು, ಒಂದೇ ರೂಮಿನಲ್ಲಿ ಇದ್ದೆವು, ರಜೆ ಬಂದರೆ ಇಬ್ಬರೂ ನಿನ್ನ ಮನೆಗೇ ಬರುತ್ತಿದ್ದೆವು. ಕಡ್ಡಿ, ಗುಂಡು ಎಂದು ಹೆಸರಿಟ್ಟವಳೂ ನೀನೇ. ಈಗ ನಾನು ಇಲ್ಲಿ ದೊಡ್ಡ ಲ್ಯಾಬಿನಲ್ಲಿದ್ದೇನೆ, ಅವಳು ನಿನ್ನ ಊರಿನ ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದಾಳೆ. ಜೂನ್‌ಗೆ ಅದು ಮುಗಿಯುತ್ತದೆ, ಅಷ್ಟರೊಳಗೆ ಒಂದು ಒಳ್ಳೆಯ ಪೇಪರ್ ಅಚ್ಚಾದರೆ ಕಾಯಂ ಮಾಡುತ್ತಾರಂತೆ, ಇಲ್ಲದಿದ್ದರೆ ಮನೆಗೆ ಕಳಿಸುತ್ತಾರಂತೆ ಎಂದು ಬರೆದಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ನೆಮ್ಮದಿ ಇಲ್ಲ.

ಯಾಕೆಂದು ಹೇಳಬೇಕಾದರೆ ನನ್ನ ಕೆಲಸವನ್ನು ಸ್ವಲ್ಪ ಹೇಳಬೇಕು. ಮಖಮಲ್ಲಿನ ಮೇಲೆ ಕೈಯಾಡಿಸಿದರೆ ಅದರ ನವಿರೆಲ್ಲ ಒಂದೇ ಕಡೆಗೆ ಮಲಗುತ್ತದಲ್ಲ? ನಾವು ಕಬ್ಬಿಣ ಮತ್ತು ನಿಕ್ಕಲ್ ಬೆರೆಸಿ, ಕೂದಲನ್ನು ಹತ್ತು ಸಾವಿರ ಸಲ ಸೀಳಿದಷ್ಟು ತೆಳ್ಳಗೆ, ಗಾಜಿನಂಥ ಬಿಲ್ಲೆಯ ಮೇಲೆ ಒಂದು ಪದರ ಬಳಿಯುತ್ತೇವೆ. ನಾವು ಅದನ್ನು ಫಿಲ್ಮ್ ಎನ್ನುತ್ತೇವೆ. ಅದರೊಳಗೆ ಕೋಟಿಗಟ್ಟಲೆ ಪುಟ್ಟ ಅಯಸ್ಕಾಂತಗಳು ಆ ನವಿರಿನ ಹಾಗೆ ಒಂದೇ ದಿಕ್ಕಿಗೆ ಮುಖಮಾಡಿ ನಿಂತಿರುತ್ತವೆ. ಅವನ್ನು ಅಲುಗಿಸಿದರೆ ಎಲ್ಲವೂ ಒಟ್ಟಿಗೆ ತೂಗುತ್ತವೆ, ನಮ್ಮ ಗ್ರಾಫಿನಲ್ಲಿ ಒಂದು ದೊಡ್ಡ ಶಿಖರ ಮೂಡುತ್ತದೆ. ಅಂಚಿನಲ್ಲಿರುವವು ಮಾತ್ರ ಬೇರೆಯಾಗಿ ತೂಗುತ್ತವೆ. ಪಕ್ಕದಲ್ಲಿ ಸಣ್ಣ ಉಬ್ಬೊಂದು ಕಾಣುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಮೊನ್ನೆ ಒಂದು ಜರ್ನಲ್‌ನಿಂದ ನನಗೆ ಪೇಪರ್ ಬಂತು, ಅಚ್ಚು ಹಾಕಬಹುದೋ ಇಲ್ಲವೋ ಹೇಳಿ ಎಂದು. ಇದಕ್ಕೆ ರೆಫರಿ ಕೆಲಸ ಎನ್ನುತ್ತಾರೆ. ಬರೆದವರ ಹೆಸರು ಅಳಿಸಿರುತ್ತಾರೆ. ತೀರ್ಪು ಕೊಟ್ಟವರು ಯಾರೆಂದು ಅವರಿಗೂ ತಿಳಿಯುವುದಿಲ್ಲ. ಪೇಪರ್ ಹೇಳುವುದಿಷ್ಟು: ಅಂಚಿನಿಂದ ದೂರ, ಫಿಲ್ಮಿನ ನಟ್ಟನಡುವೆ, ಒಂದು ಚೂರು ಜಾಗ ತನ್ನಷ್ಟಕ್ಕೆ ತಾನು ಅಲುಗುತ್ತಿದೆ. ಆ ಅಲುಗಾಟ ಅಕ್ಕಪಕ್ಕಕ್ಕೆ ಹಬ್ಬುವುದಿಲ್ಲ. ಅಲ್ಲಿ ಪದರ ಒಂದೆರಡು ಅಣುವಿನಷ್ಟು ತೆಳುವಾಗಿದೆ, ಅಲುಗಾಟ ಗುಂಡಿಗೆ ಬಿದ್ದಂತಾಗಿ ಹತ್ತಿ ಹೊರಬರಲಾರದು ಎಂದು ವಾದ. ಸೊಗಸಾದ ಪೇಪರ್ ಅಮ್ಮ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಅದು ಯಾರದೆಂದು ತಿಳಿಯಿತು. ಆ ಫಿಲ್ಮ್ ಮಾಡಿದ ದಿನ ನಾನೂ ಅಲ್ಲಿದ್ದೆ. ಹಳೆಯ ಯಂತ್ರದ ಪಂಪು ನಡುವೆ ಬಿಕ್ಕಳಿಸಿ, ಕೆಟ್ಟೇ ಹೋಯಿತೆಂದು ಎಸೆಯಹೊರಟಿದ್ದ ಫಿಲ್ಮ್ ಅದು. ಕಡ್ಡಿ ಎಸೆಯಲಿಲ್ಲ.

ಇನ್ನೊಂದು ಮಾತು. ನನ್ನ ವಿದ್ಯಾರ್ಥಿ ಇದ್ದಾನಲ್ಲ, ನಾವು ಮೌನಿ ಎನ್ನುವವನು, ಹೋದ ತಿಂಗಳು ನಮ್ಮ ಫಿಲ್ಮಿನಲ್ಲೂ ಅಂಥದೇ ಉಬ್ಬು ಕಂಡಿದ್ದಾನೆ. ಅವನ ಪಿಎಚ್‌ಡಿ ಅದರ ಮೇಲೇ ನಿಂತಿದೆ. ಮೊದಲು ಯಾರದು ಅಚ್ಚಾಗುತ್ತದೋ ಅವರದೇ ಶೋಧ. ಇಂಥ ಪೇಪರನ್ನು "ಬರೆದವರು ನನಗೆ ಗೊತ್ತು, ಬೇರೆಯವರಿಗೆ ಕೊಡಿ" ಎಂದು ಹಿಂತಿರುಗಿಸಬೇಕು. ನಾಳೆ ಹಿಂತಿರುಗಿಸುತ್ತೇನೆ.

ನಿನ್ನ ಗುಂಡು


ಫೆಬ್ರವರಿ 21

ಗುಂಡು,

ನಾಳೆ ಹಿಂತಿರುಗಿಸುತ್ತೇನೆ ಎಂದು ನೀನು ಬರೆದರೆ ಇನ್ನೂ ಹಿಂತಿರುಗಿಸಿಲ್ಲ ಎಂದೇ ಅರ್ಥ. ಹೆತ್ತವಳಿಗೆ ಅಷ್ಟು ಗೊತ್ತಾಗದೇ?

ನಿನ್ನ ಮಖಮಲ್ಲಿನ ಮಾತು ತಲೆಗೆ ಹೋಯಿತು. ಮಿಕ್ಕದ್ದು ಅರ್ಧಂಬರ್ಧ. ಆದರೆ ಒಂದು ವಿಷಯ ಚೆನ್ನಾಗಿ ತಿಳಿಯಿತು. ಆ ಮೌನಿ ಎರಡು ಮಕ್ಕಳ ತಂದೆ, ನಿನ್ನನ್ನೇ ನಂಬಿಕೊಂಡು ಏಳು ವರ್ಷದಿಂದ ಕೂತಿದ್ದಾನೆ. ನೀನೂ ಕಷ್ಟಪಟ್ಟಿದ್ದೀಯ. ಎಲ್ಲವನ್ನೂ ಧಾರೆ ಎರೆದುಕೊಟ್ಟು ಆಮೇಲೆ ಕೈಕೈ ಹಿಸುಕಿಕೊಳ್ಳಬೇಡ. ಪೇಪರನ್ನು ಹಿಂತಿರುಗಿಸುವುದಕ್ಕೆ ಅಷ್ಟೇನು ಅವಸರ? ನಿನ್ನ ಕೆಲಸ ಮುಗಿಯುವವರೆಗೆ ಇಟ್ಟುಕೊಂಡಿರು. ಕಡ್ಡಿ ಚುರುಕು ಹುಡುಗಿ, ಹೇಗಾದರೂ ದಡ ಸೇರುತ್ತಾಳೆ. ನೀನು ಚಿಕ್ಕಂದಿನಿಂದ ಹಿಂದೆ ಸರಿದು ಬೇರೆಯವರಿಗೆ ದಾರಿ ಬಿಡುವವಳು, ನನಗೆ ಅದೇ ಚಿಂತೆ.

ಅವಳು ಹೋದ ಭಾನುವಾರವೂ ಬಂದಿದ್ದಳು. ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಮಾತಾಡುತ್ತಾಳೆ, ಅಂಗಡಿಗೆ ಬಂದ ಗಿರಾಕಿಗಳು ಜಗಳವೆಂದು ತಿಳಿದು ಬಾಗಿಲಲ್ಲೇ ನಿಲ್ಲುತ್ತಾರೆ. ಊಟ ಮಾಡಿ, ಪಾತ್ರೆ ತೊಳೆದಿಟ್ಟು ಹೋದಳು. ಪೇಪರ್ ಕಳಿಸಿದ್ದೇನೆ ದೊಡ್ಡಮ್ಮ, ಈ ಸಲ ಆಗುತ್ತೆ ನೋಡಿ ಎಂದಳು. ನಾನು ಆಗಲಿ ಎಂದೆ.

ಹೊತ್ತಿಗೆ ಸರಿಯಾಗಿ ಉಣ್ಣು.

ಅಮ್ಮ


ಮಾರ್ಚ್ 8

ಅಮ್ಮ,

ನಿನ್ನ ಪತ್ರ ಬಂದ ಮೇಲೆ ಒಂದು ವಾರ ಏನೂ ಮಾಡಲಿಲ್ಲ. ಆಮೇಲೆ ರಿಪೋರ್ಟ್ ಬರೆದು ಕಳಿಸಿದೆ. ನಿನ್ನ ಮಾತು ಕೇಳಿ ಬರೆದೆ ಎಂದು ಹೇಳುತ್ತಿಲ್ಲ. ನಾನೇ ಮನಸ್ಸಿನಲ್ಲಿ ತೀರ್ಮಾನಿಸಿ ಆಗಿತ್ತು, ನೀನೂ ಹಾಗೆ ಹೇಳಲಿ ಎಂದೇ ನಿನಗೆ ಬರೆದಿದ್ದೆನೋ ಏನೋ.

ರಿಪೋರ್ಟಿನಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಅಳತೆಗಳು ಅಚ್ಚುಕಟ್ಟಾಗಿವೆ, ವಾದ ಹೊಸದು ಎಂದೆಲ್ಲ ಹೊಗಳಿದೆ. ಕೊನೆಗೆ ಒಂದೇ ಒಂದು ಪ್ರಶ್ನೆ: ಈ ಉಬ್ಬು ಅಂಚಿನಿಂದ ಬಂದದ್ದಲ್ಲ ಎನ್ನಲು ಏನು ಆಧಾರ? ಫಿಲ್ಮಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಬೆಳಕು ಬಿಟ್ಟು, ಅಲುಗಾಟ ಎಲ್ಲಿದೆಯೆಂದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರೆ ಒಪ್ಪಬಹುದು.

ಕೇಳಬೇಕಾದ ಪ್ರಶ್ನೆಯೇ. ಯಾರೂ ತಪ್ಪೆನ್ನಲಾರರು. ಆದರೆ ಅಂಥ ಮೈಕ್ರೋಸ್ಕೋಪ್ ಕಡ್ಡಿಯ ಕಾಲೇಜಿನಲ್ಲಿ ಇಲ್ಲ, ಅದು ನನಗೆ ಗೊತ್ತು. ನಮ್ಮಲ್ಲಿ ಇದೆ, ನನ್ನ ಕೋಣೆಯಿಂದ ಮೂರನೇ ಬಾಗಿಲು. ಮೌನಿ ಅದರಲ್ಲಿ ನಮ್ಮ ಫಿಲ್ಮನ್ನು ನೋಡಿ, ಉಬ್ಬು ಅಂಚಿನಿಂದ ದೂರವೇ ಇದೆ ಎಂದು ಆಗಲೇ ತೋರಿಸಿದ್ದಾನೆ. ಅಂದರೆ ಕಡ್ಡಿ ಹೇಳಿದ್ದು ನಿಜವೆಂದು ಖಚಿತವಾಗಿ ಬಲ್ಲವಳು ನಾನು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಪ್ರಶ್ನೆ ಕೇಳಿದೆ.

ಮೌನಿಗೆ ಬೇಗ ಬರೆದು ಮುಗಿಸು ಎಂದಿದ್ದೇನೆ. ಯಾಕೆ ಅವಸರ ಎಂದು ಅವನು ಕೇಳಲಿಲ್ಲ. ಅವನು ಏನನ್ನೂ ಕೇಳುವುದಿಲ್ಲ.

ಇಲ್ಲಿ ಎಲ್ಲರೂ ನನ್ನನ್ನು ತುಂಬ ನ್ಯಾಯವಾದ ರೆಫರಿ ಎಂದು ಹೊಗಳುತ್ತಾರೆ. ಈ ವಾರವೂ ಒಬ್ಬರು ಹೊಗಳಿದರು.

ಗುಂಡು


ಏಪ್ರಿಲ್ 3

ಗುಂಡು,

ಈ ಪತ್ರವನ್ನು ಮೂರು ಸಲ ಹರಿದು ಹಾಕಿ ಬರೆಯುತ್ತಿದ್ದೇನೆ.

ಕಡ್ಡಿ ಭಾನುವಾರ ಬಂದಳು. ಕೈಯಲ್ಲಿ ಒಂದು ಹಾಳೆ. ಕೂತವಳೇ ನನ್ನ ಕಿವಿಗೆ ಅದನ್ನು ಓದಿ ಹೇಳಿದಳು, ನಾನು ತಿಳಿಯದವಳ ಹಾಗೆ ಕತ್ತರಿ ಹಿಡಿದು ಅರಿವೆ ಕತ್ತರಿಸುತ್ತಿದ್ದೆ. ನೀನು ಬರೆದ ಹಾಳೆ. ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. "ಯಾರೋ ಪುಣ್ಯಾತ್ಮ ದೊಡ್ಡಮ್ಮ, ನನ್ನ ಮನೇಲಿ ಆನೆ ಕಟ್ಟು ಅಂತ ಹೇಳ್ತಿದಾನೆ" ಎಂದು ನಕ್ಕಳು. ನಾನೂ ನಗಬೇಕಾಯಿತು. ಅವಳು ಬಯ್ಯಲಿ ಎಂದು ಕಾದೆ. ಬಯ್ಯಲೇ ಇಲ್ಲ. "ಆದ್ರೆ ಪ್ರಶ್ನೆ ಸರಿಯಾಗಿಯೇ ಇದೆ. ನಾನು ಅವನ ಜಾಗದಲ್ಲಿದ್ದಿದ್ರೆ ಇದನ್ನೇ ಕೇಳ್ತಿದ್ದೆ" ಎಂದಳು. ಆ ಮಾತಿಗೆ ನನ್ನ ಕತ್ತರಿ ಗೆರೆ ಬಿಟ್ಟು ಹೋಯಿತು. ಬೇರೆಯವರ ಬಟ್ಟೆ, ಹಾಳಾಯಿತು.

ಕಾಲೇಜಿನ ಮೇಲಿನವರು ಮೇ ತಿಂಗಳ ಕೊನೆಯೊಳಗೆ ಜರ್ನಲ್‌ನಿಂದ ಒಪ್ಪಿಗೆ ಬಂದರೂ ಸಾಕು ಎಂದಿದ್ದಾರಂತೆ. ಅದಕ್ಕೆ ಅವಳಿಗೆ ಎರಡು ದಾರಿ ಹೊಳೆದಿದೆ. ಒಂದು, ಫಿಲ್ಮನ್ನು ಎರಡಾಗಿ ಮುರಿಯುವುದು. ಉಬ್ಬು ಅಂಚಿನದಾದರೆ ಮುರಿದ ಮೇಲೆ ಅಂಚು ಹೆಚ್ಚಿ ಎರಡು ತುಂಡಿನಲ್ಲೂ ಕಾಣಬೇಕು, ಅಂಚಿನದಲ್ಲದಿದ್ದರೆ ಒಂದರಲ್ಲಿ ಮಾತ್ರ ಇರಬೇಕು. ಆದರೆ ಇರುವುದು ಅದೊಂದೇ ಫಿಲ್ಮು, ಆ ಹಳೆಯ ಯಂತ್ರವನ್ನು ಗುಜರಿಗೆ ಹಾಕಿ ಆಯಿತಂತೆ. ಇನ್ನೊಂದು ದಾರಿ ನೀನು. "ಗುಂಡು ಲ್ಯಾಬಲ್ಲಿ ಆ ಮೈಕ್ರೋಸ್ಕೋಪ್ ಇದೆ. ಅವಳಿಗೆ ಕೇಳ್ತೀನಿ, ಒಂದು ದಿನ ನೋಡಿ ಕೊಟ್ರೆ ಸಾಕು" ಎಂದಳು.

ಗುಂಡು, ಅವಳು ಕೇಳಿದರೆ ಇಲ್ಲ ಎನ್ನಬೇಡ. ಹೋದ ಸಲ ನಾನು ಬರೆದದ್ದನ್ನು ಮರೆತುಬಿಡು. ತನ್ನ ಮಗುವಿಗೆ ಎಂದು ಹೇಳುವಾಗ ಬಾಯಿ ತಾನಾಗಿ ಓಡುತ್ತದೆ. ಎದುರಿಗೆ ಅವಳು ಬಂದು ಕೂತು ಉಣ್ಣುವಾಗ ನಾನು ತಟ್ಟೆ ಬಿಟ್ಟು ಎದ್ದುಹೋದೆ. ಪತ್ರ ಬೇಗ ತಲುಪಲೆಂದು ಅಂಚೆ ಕಚೇರಿಗೆ ನಾನೇ ಹೋಗುತ್ತಿದ್ದೇನೆ.

ಅಮ್ಮ


ಏಪ್ರಿಲ್ 14

ಅಮ್ಮ,

ನಿನ್ನ ಪತ್ರ ನಿನ್ನೆ ಸಿಕ್ಕಿತು. ಅವಳ ಫೋನು ಅದಕ್ಕೂ ಐದು ದಿನ ಮೊದಲೇ ಬಂದಿತ್ತು.

ಮಧ್ಯಾಹ್ನ ಮೈಕ್ರೋಸ್ಕೋಪಿನ ಕೋಣೆಯ ಬಾಗಿಲಲ್ಲೇ ನಿಂತಿದ್ದೆ. ಒಳಗೆ ಮೌನಿ ಕತ್ತಲಲ್ಲಿ ಕೂತು ಕೆಲಸ ಮಾಡುತ್ತಿದ್ದ. "ಏನೇ ಗುಂಡು, ದೊಡ್ಡ ಮನುಷ್ಯಳೇ" ಎಂದು ಶುರುಮಾಡಿದಳು. ಅದೇ ದನಿ. ಯಾರೋ ರೆಫರಿ ಹೀಗೆ ಕೇಳಿದ್ದಾನೆ, ನಿಮ್ಮಲ್ಲಿ ಒಂದು ದಿನ ಜಾಗ ಮಾಡಿಕೊಡ್ತೀಯಾ, ನಾನೇ ಫಿಲ್ಮ್ ಹಿಡ್ಕೊಂಡು ರೈಲು ಹತ್ತಿ ಬರ್ತೀನಿ, ನಿನ್ನ ರೂಮಲ್ಲಿ ನೆಲದ ಮೇಲೆ ಮಲಗ್ತೀನಿ ಎಂದಳು.

ನಾನು ಹೇಳಿದೆ, "ಆಗಸ್ಟ್‌ವರೆಗೂ ಸರದಿ ಇದೆ ಕಣೇ."

ಸರದಿ ಇರುವುದು ನಿಜ. ಬಾಗಿಲಿನ ಮೇಲೆ ಚೀಟಿಯೂ ಅಂಟಿಸಿದೆ. ಆದರೆ ಆ ಸರದಿಯನ್ನು ಬರೆಯುವವಳು ನಾನೇ. ಯಾರದಾದರೂ ಒಂದು ದಿನವನ್ನು ಆಚೀಚೆ ಮಾಡಲು ನನಗೆ ಒಂದು ನಿಮಿಷ ಸಾಕು. ಹಾಗೆ ಎಷ್ಟೋ ಸಲ ಮಾಡಿದ್ದೇನೆ.

ಅವಳು, "ಪರವಾಗಿಲ್ಲ ಬಿಡು. ನಿನಗೂ ಮೇಲಿನವರ ಕಾಟ ಇರುತ್ತೆ. ಹಾಗಾದ್ರೆ ಮುರಿದೇ ನೋಡ್ತೀನಿ" ಎಂದಳು. ಮುರಿಯಬೇಡ ಎನ್ನಲು ನನಗೆ ಅಲ್ಲೊಂದು ಅವಕಾಶವಿತ್ತು. ಮುರಿಯಬೇಡ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಎಲ್ಲವೂ ಹೊರಬರುತ್ತದೆ. "ಹುಷಾರು" ಎಂದೆ. ಅಷ್ಟೇ ಹೇಳಿದ್ದು ಅಮ್ಮ. ಒಂದು ಲೋಟ ಕೊಂಡೊಯ್ಯುವವರಿಗೆ ಹೇಳುವ ಹಾಗೆ ಹುಷಾರು ಎಂದೆ.

ಅವಳು ನಿನ್ನ ಮಂಡಿನೋವಿನ ಬಗ್ಗೆ ಎರಡು ಮಾತು ಹೇಳಿ ಫೋನ್ ಇಟ್ಟಳು. ನಿನ್ನನ್ನು ನಾನು ವಿಚಾರಿಸಲಿಲ್ಲ, ಅವಳೇ ಹೇಳಿದಳು.

ನಿನ್ನ ಪತ್ರ ಐದು ದಿನ ಮೊದಲು ಬಂದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಎಂದು ಬರೆಯಲು ಪೆನ್ನು ಎತ್ತಿದೆ. ಗೊತ್ತಿಲ್ಲ. ಪತ್ರ ಓದಿದ ಮೇಲೆ ನಿನ್ನೆ ಸಂಜೆ ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಲಿಲ್ಲ.

ಗುಂಡು


ಮೇ 4

ಗುಂಡು,

ನೀನು ಇನ್ನೊಮ್ಮೆ ಮಾಡಬೇಕಿತ್ತು.

ಕಡ್ಡಿ ಬುಧವಾರ ಬಂದಳು. ಅವಳು ವಾರದ ನಡುವೆ ಬರುವವಳಲ್ಲ. ಅಂಗಡಿಯಲ್ಲಿ ಗಿರಾಕಿಯೊಬ್ಬರ ಅಳತೆ ತೆಗೆಯುತ್ತಿದ್ದೆ. ಬಂದು ಮೂಲೆಯ ಸ್ಟೂಲಿನ ಮೇಲೆ ಕೂತಳು. ಗಿರಾಕಿ ಹೋದ ಮೇಲೆ ಏನಾಯಿತೇ ಎಂದೆ. ಬಾಯಿ ಆಡಿಸಿದಳು, ನನಗೆ ಕೇಳಲಿಲ್ಲ. ಅವಳಿಗೆ ಕೂಗುವ ಶಕ್ತಿ ಇರಲಿಲ್ಲ. ಕೊನೆಗೆ ನಾನು ಅಂಗಡಿಯ ಬಿಲ್ ಪುಸ್ತಕದ ಹಿಂದೆ ಬರೆ ಎಂದೆ.

ವಜ್ರದ ಮೊನೆಯಿಂದ ಗೀರಿ, ಎರಡು ಬೆರಳಿಂದ ಒತ್ತಿದಳಂತೆ. ನೇರವಾಗಿ ಸೀಳಬೇಕಿದ್ದದ್ದು ಓರೆಯಾಗಿ ಸೀಳಿತು. ಆಮೇಲೆ ಎರಡೂ ತುಂಡುಗಳನ್ನು ಅಳೆದಿದ್ದಾಳೆ. ಒಂದು ವಾರ ಅಳೆದಿದ್ದಾಳೆ. ಎರಡರಲ್ಲೂ ಉಬ್ಬಿಲ್ಲ. ಸೀಳು ಸರಿಯಾಗಿ ಆ ಜಾಗದ ಮೇಲೆಯೇ ಹಾದುಹೋಗಿರಬೇಕು ಎನ್ನುತ್ತಾಳೆ. ಅಥವಾ ಉಬ್ಬು ಮೊದಲಿನಿಂದಲೂ ಇರಲೇ ಇಲ್ಲ, ನಾನೇ ಹುಚ್ಚಿಯ ಹಾಗೆ ಇಲ್ಲದ್ದನ್ನು ನೋಡುತ್ತಿದ್ದೆ ಎಂದೂ ಬರೆದಳು. ಆ ಸಾಲಿನ ಕೆಳಗೆ ಗೆರೆ ಎಳೆದಳು.

ಇನ್ನು ಕೇಳು. ಪೇಪರನ್ನು ವಾಪಸ್ ತೆಗೆದುಕೊಂಡಿದ್ದಾಳೆ. ಯಾರೂ ಕೇಳದೆ, ತಾನಾಗಿಯೇ. ಈಗ ತೋರಿಸಲು ಆಗದ್ದನ್ನು ಇದೆ ಎಂದು ಅಚ್ಚು ಹಾಕಿಸುವುದು ನ್ಯಾಯವಲ್ಲ ಎಂದು ಜರ್ನಲ್‌ನವರಿಗೆ ಬರೆದಳಂತೆ. ಕೆಲಸದ ಗತಿ ಏನು ಎಂದೆ. ಕೈಯಲ್ಲಾಡಿಸಿ ಇಲ್ಲ ಎಂದಳು.

ನಾನು ಅವಳಿಗೆ ಕಾಫಿ ಮಾಡಿದೆ. ಕುಡಿದಳು. ಹೋಗುವಾಗ ನನ್ನ ಕಿವಿಯ ಹತ್ತಿರ ಬಂದು, "ಗುಂಡುಗೆ ಹೇಳ್ಬೇಡಿ ದೊಡ್ಡಮ್ಮ. ಸಹಾಯ ಮಾಡಕ್ಕಾಗ್ಲಿಲ್ಲ ಅಂತ ಪಾಪ ನೊಂದ್ಕೋತಾಳೆ" ಎಂದಳು. ಅದೊಂದು ಮಾತು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿತು.

ನಾನು ಮಾಡಿದ್ದು ನಿನ್ನದಕ್ಕಿಂತ ಕಡಿಮೆಯಲ್ಲ. ನೀನು ಆ ಪ್ರಶ್ನೆ ಕೇಳಿದೆ, ಪೇಪರನ್ನು ಇಟ್ಟುಕೋ ಎಂದವಳು ನಾನು. ಆದರೆ ಉಬ್ಬು ಇದೆಯೆಂದು ಬಲ್ಲವಳು ನೀನು. ಆ ಹುಡುಗಿ ತನಗೆ ಹುಚ್ಚು ಎಂದುಕೊಂಡು ತಿರುಗುತ್ತಿದ್ದಾಳೆ. ಅದನ್ನು ತೆಗೆಯಬಲ್ಲವಳು ನೀನೊಬ್ಬಳೇ. ನನ್ನ ಪಾಲಿನದನ್ನು ನಾನು ಅವಳಿಗೆ ಭಾನುವಾರ ಹೇಳುತ್ತೇನೆ. ಅಷ್ಟರಲ್ಲಿ ನಿನ್ನದನ್ನು ನೀನು ಹೇಳಿರು, ನನ್ನ ಬಾಯಿಂದ ಮೊದಲು ಹೋಗುವುದು ಬೇಡ. ಈ ಪತ್ರ ತಲುಪಲಿಕ್ಕೆ ಸಮಯ ಬೇಕು, ಅದಕ್ಕೆ ಬರುವ ಭಾನುವಾರವಲ್ಲ, ಹದಿನೆಂಟರ ಭಾನುವಾರ.

ಅಮ್ಮ


ಮೇ 16

ಅಮ್ಮ,

ಹೇಳಿದ್ದೇನೆ. ಇದು ನಿನಗೆ ಭಾನುವಾರದೊಳಗೆ ತಲುಪುವುದಿಲ್ಲ, ಆದರೂ ನಡೆದದ್ದನ್ನು ಬರೆಯುತ್ತೇನೆ.

ಮೊದಲು ಮೌನಿಯನ್ನು ಕರೆದು ಕೂರಿಸಿದೆ. ಅವನ ಪೇಪರ್ ಸಿದ್ಧವಾಗಿತ್ತು, ಕಳಿಸುವುದೊಂದೇ ಬಾಕಿ. ಎಲ್ಲವನ್ನೂ ಹೇಳಿದೆ. ಅವನು ನೆಲ ನೋಡುತ್ತ ಕೇಳಿಸಿಕೊಂಡ. "ಗೊತ್ತಿತ್ತು ಮೇಡಂ" ಎಂದ. ನಾನು ರಿಪೋರ್ಟನ್ನು ಲ್ಯಾಬಿನ ಪ್ರಿಂಟರಿನಲ್ಲೇ ತೆಗೆದಿದ್ದೆ. ಒಂದು ಹಾಳೆ ಅಲ್ಲೇ ಉಳಿದಿತ್ತಂತೆ. ಅದನ್ನು ಓದಿ, ಮಡಚಿ ನನ್ನ ಮೇಜಿನ ಮೇಲೆ ಇಟ್ಟವನು ಅವನೇ. ಮತ್ತೆ ಯಾಕೆ ಸುಮ್ಮನಿದ್ದೆ ಎಂದೆ. "ನನಗೂ ಬೇಕಿತ್ತಲ್ಲ" ಎಂದ. ಏಳು ವರ್ಷದಲ್ಲಿ ಅವನು ನನ್ನೊಂದಿಗೆ ಆಡಿದ ಅತ್ಯಂತ ನೇರವಾದ ಮಾತು ಅದು.

ಆಮೇಲೆ ಬಾಗಿಲವರೆಗೆ ಹೋಗಿ ತಿರುಗಿದ. "ಯಾರಿಗೆ ಬೇಕಾದ್ರೂ ಬರೀರಿ. ನನಗೋಸ್ಕರ ಮಾಡಿದ್ರಿ ಅಂತ ಮಾತ್ರ ಬರೀಬೇಡಿ" ಎಂದ. ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಜರ್ನಲ್‌ನ ಸಂಪಾದಕರಿಗೆ ಬರೆದಿಟ್ಟಿದ್ದ ಪತ್ರದಲ್ಲಿ, ನನ್ನ ವಿದ್ಯಾರ್ಥಿಯ ಭವಿಷ್ಯದ ಚಿಂತೆಯಿಂದ ಎಂದೇ ಶುರುಮಾಡಿದ್ದೆ. ಆ ಸಾಲು ಹೊಡೆದು ಹಾಕಿದೆ. ಹೊಡೆದ ಮೇಲೆ ಉಳಿದದ್ದು ಬಹಳ ಚಿಕ್ಕ ಪತ್ರ: ಪೇಪರ್ ಯಾರದೆಂದು ನನಗೆ ಗೊತ್ತಿತ್ತು, ಅದು ನಿಜವೆಂದೂ ಗೊತ್ತಿತ್ತು, ತಡೆಯಬೇಕೆಂದೇ ಆ ಪ್ರಶ್ನೆ ಕೇಳಿದೆ. ಅವರು ನಮ್ಮ ಲ್ಯಾಬಿನ ನಿರ್ದೇಶಕರಿಗೂ ತಿಳಿಸುತ್ತಾರಂತೆ. ತಿಳಿಸಲಿ.

ಕಡ್ಡಿಗೆ ನಾಲ್ಕು ಪುಟ ಬರೆದೆ. ನಮ್ಮ ಫಿಲ್ಮನ್ನೂ, ಮೈಕ್ರೋಸ್ಕೋಪಿನ ಚಿತ್ರಗಳನ್ನೂ ಜೊತೆಗಿಟ್ಟು ಕಳಿಸಿದೆ. ನಿನ್ನ ಹೆಸರು ಮೊದಲು ಬರಲಿ, ಮೌನಿಯೂ ಒಪ್ಪಿದ್ದಾನೆ, ನಿನ್ನ ಕಾಲೇಜಿಗೆ ನಾನೇ ಬಂದು ವಿವರಿಸುತ್ತೇನೆ ಎಂದೆಲ್ಲ ಬರೆದೆ. ಕ್ಷಮಿಸು ಎನ್ನುವ ಮಾತನ್ನು ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ. ಮೊದಲು ಹಾಕಿದರೆ ಲಂಚದ ಹಾಗೆ, ಕೊನೆಗೆ ಹಾಕಿದರೆ ಬಾಗಿಲಲ್ಲಿ ನಿಂತು ಹೇಳಿ ಓಡಿದ ಹಾಗೆ ಕಂಡಿತು. ನಡುವೆ ಎಲ್ಲೋ ಹಾಕಿದ್ದೇನೆ.

ಅವಳು ಬಂದು ನಿನ್ನೊಂದಿಗೆ ಏನು ಹೇಳಿದರೂ ನನಗೆ ಬರೆ. ಬಯ್ದರೆ ಬಯ್ದದ್ದನ್ನೇ ಬರೆ, ತಿದ್ದಬೇಡ.

ಗುಂಡು


ಜೂನ್ 12

ಗುಂಡು,

ದೊಡ್ಡಮ್ಮ ನಿನಗೆ ಉತ್ತರ ಬರೆಯಲು ಕೂತಿದ್ದರು. ಬೇಡ, ನಾನೇ ಬರೆಯುತ್ತೇನೆ ಎಂದೆ.

ಮೊದಲು ನಿನಗೆ ಬೇಕಾದ ಸುದ್ದಿ. ನಿಮ್ಮ ಫಿಲ್ಮನ್ನು ಅಳೆದೆ. ಪೊಟ್ಟಣ ಬಂದು ಮೂರು ದಿನ ಮುಟ್ಟಲಿಲ್ಲ, ವಾಪಸ್ ಕಳಿಸಿಬಿಡೋಣ ಎಂದುಕೊಂಡೆ. ಆಮೇಲೆ ತಡೆಯಲಾಗಲಿಲ್ಲ. ಇದೆ ಕಣೇ. ದೊಡ್ಡ ಶಿಖರದ ಎಡಕ್ಕೆ, ನಾನು ಇರುತ್ತದೆ ಎಂದ ಕಡೆಯೇ ಇದೆ. ಮೌನಿಯ ಚಿತ್ರದಲ್ಲಿ ಆ ಜಾಗವನ್ನು ಕಣ್ಣಾರೆ ನೋಡಿದೆ, ಸುತ್ತಲೂ ಎಲ್ಲ ಶಾಂತ, ನಡುವೆ ಅದೊಂದೇ ಕುಣಿಯುತ್ತಿದೆ. ಖಾಲಿ ಲ್ಯಾಬಿನಲ್ಲಿ ಕೂತು ಅತ್ತೆ. ನನಗೆ ಹುಚ್ಚು ಹಿಡಿದಿರಲಿಲ್ಲ ಎನ್ನುವ ಸಂತೋಷಕ್ಕೇ ಅತ್ತದ್ದು. ಅದನ್ನು ಯಾರಿಗಾದರೂ ಹೇಳಬೇಕೆನಿಸಿ ಫೋನ್ ಎತ್ತಿದರೆ, ಬೆರಳು ಹೋದದ್ದು ನಿನ್ನ ಹೆಸರಿಗೇ. ಇಷ್ಟು ವರ್ಷದ ಅಭ್ಯಾಸ. ಫೋನ್ ಕೆಳಗಿಟ್ಟೆ.

ಕೆಲಸ ಹೋಯಿತು. ಸೋಮವಾರದಿಂದ ಇಲ್ಲೇ ಒಂದು ಕಾರ್ಖಾನೆಗೆ ಹೋಗುತ್ತೇನೆ, ಲೋಹದ ಹಾಳೆಗಳ ಲೇಪ ಸರಿಯಾಗಿದೆಯೇ ನೋಡುವ ಕೆಲಸ. ನೀನು ಬಂದು ಯಾರಿಗೂ ಏನೂ ವಿವರಿಸಬೇಡ.

ಪೇಪರ್ ಬರೆಯೋಣ. ಮೌನಿಯ ಹೆಸರು ಮೊದಲು ಇರಲಿ, ನನ್ನದು ಆಮೇಲೆ. ಅವನೂ ನಾನೂ ಮಾತಾಡಿಕೊಂಡಿದ್ದೇವೆ, ಅವನು ನೀನು ಹೇಳಿದಷ್ಟು ಮೌನಿಯೇನಲ್ಲ. ನಿನ್ನ ಹೆಸರು ಬೇಡ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ, ನೀನೂ ಒಪ್ಪುತ್ತೀಯ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ನಿನಗೆ ತಿಳಿಯದ ಒಂದು ವಿಷಯವಿದೆ. ಪೇಪರ್ ಕಳಿಸುವಾಗ ಯಾರು ಇದನ್ನು ಪರೀಕ್ಷಿಸಬಹುದು, ಹೆಸರು ಸೂಚಿಸಿ ಎಂದು ಜರ್ನಲ್‌ನವರು ಕೇಳುತ್ತಾರಲ್ಲ, ನಿನ್ನ ಹೆಸರು ಕೊಟ್ಟವಳು ನಾನೇ. ಗೆಳತಿಯ ಹೆಸರು ಕೊಡಬಾರದು, ಅದು ನನ್ನ ಪಾಲಿನ ತಪ್ಪು. ನೀನು ಪಾಸು ಮಾಡಲಿ ಎಂದು ಕೊಟ್ಟದ್ದಲ್ಲ. ಆ ಫಿಲ್ಮಿನ ಹುಟ್ಟನ್ನು ನನ್ನ ಬಿಟ್ಟರೆ ಬಲ್ಲವಳು ನೀನು, ನಾನು ಭ್ರಮೆಪಟ್ಟಿದ್ದರೆ ಗುಂಡುವೇ ಹಿಡಿಯಲಿ, ಬೇರೆಯವರ ಕೈಯಲ್ಲಿ ನಗೆಪಾಟಲಾಗುವುದು ಬೇಡ ಎಂದುಕೊಂಡೆ. ರಿಪೋರ್ಟ್ ಬಂದಾಗ ಮೊದಲು ಹುಡುಕಿದ್ದು ನಿನ್ನ ಧಾಟಿಯನ್ನು. ಮೈಕ್ರೋಸ್ಕೋಪ್ ಕೇಳಿದ್ದನ್ನು ನೋಡಿ ಸಮಾಧಾನವಾಯಿತು. ಇದು ಗುಂಡು ಅಲ್ಲ, ನಮ್ಮಲ್ಲಿ ಅದಿಲ್ಲವೆಂದು ಗೊತ್ತಿರುವವಳು ಇದನ್ನು ಕೇಳುವುದಿಲ್ಲ ಎಂದುಕೊಂಡೇ ನಿನಗೆ ಫೋನ್ ಮಾಡಿದೆ.

ರಿಪೋರ್ಟನ್ನು ನಾನು ಮರೆಯಬಲ್ಲೆ. ಹಾಳೆಯ ಮೇಲೆ ಬರೆಯುವಾಗ ಎದುರಿಗೆ ಮನುಷ್ಯರು ಕಾಣುವುದಿಲ್ಲ, ನಾನೂ ಬೇರೆಯವರ ಪೇಪರಿಗೆ ಒರಟಾಗಿ ಬರೆದದ್ದುಂಟು. ಆದರೆ ಫೋನಿನಲ್ಲಿ ನಾನು ನಿನಗೆ ಕಂಡೆ. ನೆಲದ ಮೇಲೆ ಮಲಗ್ತೀನಿ ಎಂದೆ. ನೀನು ಸರದಿ ಇದೆ ಎಂದೆ. ಅದನ್ನು ಹೊಟ್ಟೆಗೆ ಹಾಕಿಕೊಳ್ಳಲು ಆಗುತ್ತಿಲ್ಲ. ಪ್ರಯತ್ನಿಸಿ ನೋಡಿದೆ.

ದೊಡ್ಡಮ್ಮ ಆ ಭಾನುವಾರ ತಮ್ಮ ಮಾತನ್ನೆಲ್ಲ ಹೇಳಿದರು. ಕತ್ತರಿ ಕೆಳಗಿಟ್ಟು, ಕಣ್ಣೊರೆಸಿಕೊಂಡು, ಇನ್ನು ಮೇಲೆ ನೀನು ಈ ಮನೆಗೆ ಬರುವುದಿಲ್ಲವೇನೋ ಎಂದರು. ಅವರು ನಿನ್ನ ಅಮ್ಮ, ನಿನ್ನ ಪರವಾಗಿ ಹೇಳದೆ ಮತ್ತಾರ ಪರವಾಗಿ ಹೇಳಬೇಕು ಎಂದು ಅವರ ಕಿವಿಯಲ್ಲಿ ಕೂಗಿದೆ. ಬೀದಿಗೆಲ್ಲ ಕೇಳಿರಬೇಕು. ಅವರ ಮೇಲೆ ನನಗೇನೂ ಇಲ್ಲ. ಮುಂದಿನ ವಾರ ಅವರನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಒಪ್ಪಿಸಿದ್ದೇನೆ.

ಭಾನುವಾರ ಊಟಕ್ಕೆ ಬರುವುದನ್ನು ನಾನು ನಿಲ್ಲಿಸುವುದಿಲ್ಲ. ನೀನು ಊರಿಗೆ ಬರುವುದಿದ್ದರೆ ಒಂದು ವಾರ ಮೊದಲೇ ಅವರಿಗೆ ತಿಳಿಸಿರು. ಆ ಭಾನುವಾರ ನಾನು ಬರುವುದಿಲ್ಲ.

ಕಡ್ಡಿ